ಅಳಿಲು ಹೇಳಿದ್ದು

ಆ ದಿನ ಬೆಳಿಗ್ಗೆಯೂ ಮಗಳು ಸ್ನಾನಕ್ಕೆ ಹೋದದ್ದೇ ತಡ, ಅವಳು ಅಡುಗೆಮನೆಯ ಹಲಗೆಯ ಮೇಲಿನಿಂದ ಗಾಜಿನ ಜಾಡಿಯನ್ನು ಇಳಿಸಿ ಒಂದು ಹಿಡಿ ಗುಂಡಿ ತೆಗೆದುಕೊಂಡಳು. ಸದ್ದಾಗದ ಹಾಗೆ ತೆಗೆಯುವುದಕ್ಕೂ ಒಂದು ಕ್ರಮವಿದೆ. ಜಾಡಿಯನ್ನು ಓರೆ ಮಾಡಬಾರದು. ಕೈಯನ್ನೇ ಒಳಗೆ ಬಿಟ್ಟು, ಬೆರಳು ಮಡಚಿ, ಗಾಜಿಗೆ ತಾಗದಂತೆ ಮೇಲಕ್ಕೆಳೆಯಬೇಕು. ಬಚ್ಚಲಲ್ಲಿ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿರುವಷ್ಟು ಹೊತ್ತು ಭಯವಿಲ್ಲ. ನೀರು ನಿಂತರೆ ಜಾಡಿ ತನ್ನ ಜಾಗದಲ್ಲಿರಬೇಕು, ಅವಳು ಒಲೆಯ ಮುಂದಿರಬೇಕು. ಇಷ್ಟು ವರ್ಷಗಳಲ್ಲಿ ಕೈಗೆ ಇದು ಎಷ್ಟು ರೂಢಿಯಾಗಿತ್ತೆಂದರೆ ಮನಸ್ಸು ಬೇರೆಲ್ಲೋ ಇದ್ದರೂ ಕೈ ತನ್ನ ಪಾಡಿಗೆ ತಾನು ಹೋಗಿ ಕದ್ದುಕೊಂಡು ಬರುತ್ತಿತ್ತು. ತೆಗೆದ ಗುಂಡಿಗಳನ್ನು ಬೇರೆ ದಿನಗಳಲ್ಲಾದರೆ ಅಂಗಡಿಗೆ ಒಯ್ದು, ಹೊಲಿಗೆಯಂತ್ರದ ಪಕ್ಕದ ಡಬ್ಬಿಗೆ ಸುರಿಯುತ್ತಿದ್ದಳು. ಅಲ್ಲಿಂದ ಅವು ಯಾರದೋ ಅಂಗಿಯ ತೋಳಿಗೋ ಎದೆಗೋ ಹೋಗಿ ಕೂರುತ್ತಿದ್ದವು. ಈ ದಿನ ಆಸ್ಪತ್ರೆ. ಅಂಗಡಿಗೆ ರಜೆ ಹೇಳಿಯಾಗಿತ್ತು. ಹಿಡಿಯನ್ನು ಕೈಚೀಲದ ಪಕ್ಕದ ಜೇಬಿಗೆ ಹಾಕಿ ಜಿಪ್ ಎಳೆದಳು. ನೀರು ಇನ್ನೂ ಬೀಳುತ್ತಲೇ ಇತ್ತು. ಬಕೆಟ್ಟು ತುಂಬಿ ಹರಿದು ಹೋಗುವ ಸದ್ದು ಕೇಳಿ, "ನಲ್ಲಿ ನಿಲ್ಲಿಸೇ, ನೀರೇನು ನಿಮ್ಮಪ್ಪ ಹೊತ್ತು ತರ್ತಾನಾ?" ಎಂದು ಎಂದಿನಂತೆ ಕೂಗಿದಳು. "ನಿಲ್ಲಿಸ್ದೆ ಅಮ್ಮಾ" ಎಂದು ಮಗಳೂ ಎಂದಿನಂತೆ ಕೂಗಿದಳು.

ಮಕ್ಕಳ ಆಸ್ಪತ್ರೆಯ ಆ ಉದ್ದನೆಯ ಓಣಿಯಂಥ ಕಾರಿಡಾರಿನಲ್ಲಿ ಬೆಂಚುಗಳೆಲ್ಲ ಮಕ್ಕಳ ಅಳತೆಗೇ ಮಾಡಿಸಿದಂತೆ ಕುಳ್ಳಗಿದ್ದವು. ದೊಡ್ಡವರು ಕೂತರೆ ಮೊಣಕಾಲು ಎದೆಗೆ ಬರುತ್ತಿತ್ತು. ಆರು ವರ್ಷದಿಂದ ಕೂತರೂ ಅವಳಿಗೆ ಅದು ಒಗ್ಗಿರಲಿಲ್ಲ. ಮೊದಲ ಸಲ ಬಂದಾಗ ಕೂತಿರಲೇ ಇಲ್ಲ, ಮಂಚದ ಕೆಳಗೆ ಬಗ್ಗಿದ್ದಳು. ಏಳು ವರ್ಷದ ಮಗಳು ಮಂಚದಡಿ ಗೋಡೆಗೆ ಅಂಟಿಕೊಂಡು, ಸೂಜಿ ಹಿಡಿದು ಬಂದವರ ಕೈಯನ್ನು ಕಚ್ಚಿ, ಹೊರಗೆ ಬರಲೊಲ್ಲದೆ ಕೂತಿದ್ದಳು. ಮಕ್ಕಳಿಗೂ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದೇ ಅವಳಿಗೆ ಹಿಂದಿನ ದಿನದವರೆಗೆ ಗೊತ್ತಿರಲಿಲ್ಲ. ಪ್ರತಿ ಊಟಕ್ಕೂ ಮುಂಚೆ ಚುಚ್ಚಬೇಕಂತೆ, ದಿನವೂ ಅಂತೆ, ಇರುವಷ್ಟು ದಿನವೂ ಅಂತೆ. ಸೂಜಿಯೇ ತನ್ನ ಕಸುಬಾಗಿರುವಾಗ ಸೂಜಿಯನ್ನೇ ತಂದು ಮಗಳ ಮೈಗೆ ಹಚ್ಚಿದ ಆ ಯಾವುದಕ್ಕೋ ಅವಳು ಮನಸ್ಸಿನಲ್ಲೇ ಹಿಡಿಶಾಪ ಹಾಕುತ್ತ ಚೀಲಕ್ಕೆ ಕೈ ಹಾಕಿದಾಗ ಸಿಕ್ಕಿದ್ದು ಒಂದು ಗುಂಡಿ, ಕೆಂಪು ಕೋಟಿನದು. "ನೋಡು ಮರಿ, ಒಂದು ಸಲ ಚುಚ್ಚಿಸ್ಕೊಂಡ್ರೆ ಒಂದು ಗುಂಡಿ. ಮನೇಲಿ ಜಾಡಿ ಇಟ್ಟಿದೀನಿ. ಅದು ತುಂಬಿದ ದಿನ ಕಾಯಿಲೆ ಮುಗೀತು, ಸೂಜಿನೂ ಮುಗೀತು." ಮಂಚದಡಿಯಿಂದ ಮೊದಲು ಬಂದದ್ದು ಕೈ, ಅಂಗೈ ಮೇಲಾಗಿ. ಅವಳಿಗೆ ಆಗ ಹೆಮ್ಮೆಯೇ ಆಗಿತ್ತು. ಡಾಕ್ಟರು, ನರ್ಸು, ಅಷ್ಟು ಜನ ಸೇರಿ ಮಾಡಲಾಗದ್ದನ್ನು ಒಂದು ಗುಂಡಿ ಮಾಡಿತ್ತು. ಆಚೆ ಬಾಗಿಲಲ್ಲಿ ನಿಂತು ನೋಡಿದ ಉದ್ದ ಜಡೆಯ ಸಿಸ್ಟರ್ ಮಾತ್ರ ಅವಳನ್ನು ಪಕ್ಕಕ್ಕೆ ಕರೆದು, "ಒಂದಲ್ಲ ಒಂದು ದಿನ ನಿಜ ಹೇಳ್ಬೇಕಾಗುತ್ತಮ್ಮ" ಎಂದಿದ್ದರು. "ನಾನೇ ಹೇಳ್ತೀನಿ. ಅವಳಿಗೆ ತಡ್ಕೊಳ್ಳೋ ಶಕ್ತಿ ಬಂದಾಗ ನಾನೇ ಹೇಳ್ತೀನಿ. ನೀವ್ಯಾರೂ ಹೇಳಬೇಡಿ, ಮಾತು ಕೊಡಿ." ಸಿಸ್ಟರ್ ಮಾತು ಕೊಟ್ಟಿದ್ದರು.

ಆ ದಿನ ಬರಲೇ ಇಲ್ಲ. ಎಂಟು ತುಂಬಲಿ ಎಂದುಕೊಂಡಳು, ಹತ್ತು ತುಂಬಲಿ ಎಂದುಕೊಂಡಳು. ಮಗಳು ಬೆಳೆದಂತೆಲ್ಲ ಹೇಳುವುದು ಸುಲಭವಾಗುತ್ತದೆಂದು ತಿಳಿದಿದ್ದಳು, ಆದರೆ ಗಂಟು ಹಳೆಯದಾದಷ್ಟೂ ಬಿಗಿಯಿತು. ಈಗ ಮಗಳಿಗೆ ಹದಿಮೂರು. ದಿನಕ್ಕೆ ಇಷ್ಟು ಗುಂಡಿಯಂತೆ ಇಷ್ಟು ವರ್ಷಕ್ಕೆ ಎಷ್ಟಾಯಿತು, ಅಷ್ಟೊಂದು ಗುಂಡಿ ಆ ಜಾಡಿಯಲ್ಲಿ ಹಿಡಿಯುವುದುಂಟೇ ಎಂದು ಗುಣಿಸಿ ನೋಡಲು ಹದಿಮೂರರ ಹುಡುಗಿಗೆ ಬಾರದೇ? ಈ ಪ್ರಶ್ನೆ ಆಗಾಗ ಬಂದು ಬಾಗಿಲು ತಟ್ಟುತ್ತಿತ್ತು. ಅವಳು ತೆರೆಯುತ್ತಿರಲಿಲ್ಲ. ಮಗಳು ಪ್ರತಿ ಸಲ ಚುಚ್ಚಿಕೊಂಡ ಮೇಲೆ, ಅಮ್ಮ ಅಂಗಡಿಯಿಂದ ತಂದು ತುಂಬಿಡುವ ಬಟ್ಟಲಿನಿಂದ ಒಂದು ಗುಂಡಿ ಆರಿಸಿ ಜಾಡಿಗೆ ಹಾಕುತ್ತಿದ್ದಳು, ಟಣ್ ಎನ್ನುತ್ತಿತ್ತು, "ಇನ್ನೇನು ಮರಿ, ಸ್ವಲ್ಪಾನೇ ಬಾಕಿ" ಎಂದು ಅವಳು ಅನ್ನುತ್ತಿದ್ದಳು. ಊಟಕ್ಕೆ ಮುಂಚೆ ಕೈತೊಳೆದ ಹಾಗೆ ಅದೂ ಒಂದು ನಡೆದುಕೊಂಡು ಹೋಗುತ್ತಿತ್ತು. ಹಾಕುತ್ತಾಳೆಂದರೆ ನಂಬುತ್ತಾಳೆ ಎಂದೇ ಅರ್ಥ ತಾನೆ.

ನಡುವೆ ಆ ಅಳಿಲು ಬಂದಿತ್ತು. ಮಕ್ಕಳೇ ತಮ್ಮ ಕಾಯಿಲೆಯನ್ನು ತಿಳಿದುಕೊಳ್ಳಲಿ ಎಂದು ಆಸ್ಪತ್ರೆಯವರು ಫೋನಿಗೆ ಹಾಕಿಕೊಡುವ ಆ್ಯಪ್. ತೆರೆದರೆ ಒಂದು ಅಳಿಲು ಬಾಲ ಕುಣಿಸಿಕೊಂಡು ಬಂದು ಮಾತಾಡುತ್ತದೆ. ಇನ್ಸುಲಿನ್ ಪೆನ್ನು ಹಿಡಿಯುವುದು ಹೇಗೆ, ಒಂದೇ ಜಾಗದಲ್ಲಿ ಚುಚ್ಚಿದರೆ ಮೈ ಯಾಕೆ ಗಡ್ಡೆಯಾಗುತ್ತದೆ, ಕೈ ನಡುಗಿ ಬೆವರು ಬಂದರೆ ಮೊದಲು ಏನು ತಿನ್ನಬೇಕು, ಎಲ್ಲವನ್ನೂ ಹೇಳುತ್ತದೆ. ಚುಚ್ಚಿಕೊಂಡ ಸ್ವಲ್ಪ ಹೊತ್ತಿಗೆ "ಊಟ ಮರೀಬೇಡಿ" ಎಂದು ಕೂಗುತ್ತದೆ. ಗಂಡ ತನ್ನ ಹಳೆಯ ಫೋನನ್ನು ಮಗಳಿಗೆ ಕೊಟ್ಟು ಅದರಲ್ಲಿ ಹಾಕಿಸಿಕೊಂಡು ಬಂದ ದಿನ ಅವಳು ಮೊದಲನೆಯ ಪಾಠವನ್ನು ತಾನೇ ಒತ್ತಿ ಕೇಳಿದ್ದಳು. ಕೈ ತೊಳೆಯುವುದು ಹೇಗೆಂಬ ಪಾಠ. ಒಳ್ಳೆಯದೇ ಹೇಳುತ್ತದೆ ಎಂದು ಸಮಾಧಾನವಾಗಿ ಮುಂದಿನದನ್ನು ಕೇಳಲಿಲ್ಲ. ಆಮೇಲೆ ಮಗಳು ಕಿವಿಗೆ ವೈರು ಸಿಕ್ಕಿಸಿಕೊಂಡು ಕೇಳತೊಡಗಿದಳು. "ಅಮ್ಮಾ, ಸೌತೆಕಾಯಿ ಎಷ್ಟು ತಿಂದ್ರೂ ಏನಾಗಲ್ವಂತೆ." ಇದನ್ನೇ ಅವಳು ಎರಡು ವರ್ಷದಿಂದ ಹೇಳುತ್ತಿದ್ದಳು. ಹಿತ್ತಲ ಗಿಡ ಮದ್ದಲ್ಲ. ತಾಯಿ ಹೇಳಿದ್ದು ಗೊಣಗಾಟ, ಅಳಿಲು ಹೇಳಿದ್ದು ವೇದವಾಕ್ಯ. ನಕ್ಕುಬಿಟ್ಟಿದ್ದಳು, ಆದರೆ ಊಟದ ಹೊತ್ತಿಗೆ ಅಳಿಲು ತನಗಿಂತ ಮೊದಲು ಕೂಗಿದ ದಿನಗಳಲ್ಲಿ ಏನೋ ಒಂದನ್ನು ಕೈಯಿಂದ ಕಿತ್ತುಕೊಂಡಂತಾಗುತ್ತಿತ್ತು.

ಉದ್ದ ಜಡೆಯ ಸಿಸ್ಟರ್ ಬಾಗಿಲಲ್ಲಿ ಮುಖ ತೋರಿಸಿ ಮಗಳನ್ನು ಕರೆದರು. ಜಡೆ ಈಗ ಅರ್ಧ ಬೆಳ್ಳಗಾಗಿ ಗಿಡ್ಡವಾಗಿತ್ತು, ಹೆಸರು ಮಾತ್ರ ಹಾಗೇ ಉಳಿದಿತ್ತು. ಅವಳೂ ಎದ್ದಳು. "ಅಮ್ಮ, ನೀನು ಇಲ್ಲೇ ಕೂತಿರು, ನಾನೇ ಹೋಗ್ಬರ್ತೀನಿ" ಎಂದಳು ಮಗಳು. ಹನ್ನೆರಡು ದಾಟಿದ ಮಕ್ಕಳನ್ನು ಮೊದಲು ಒಬ್ಬರನ್ನೇ ಮಾತಾಡಿಸುತ್ತಾರಂತೆ, ಹೊಸ ಪದ್ಧತಿ. ಎದ್ದವಳು ಸುಮ್ಮನೆ ಕೂರಲು ನಾಚಿಕೆಯಾಗಿ, ಗೋಡೆಯ ಚಿತ್ರ ನೋಡಲೆಂದೇ ಎದ್ದವಳಂತೆ ಎರಡು ಹೆಜ್ಜೆ ಹೋಗಿ, ಚಿತ್ರ ನೋಡಿ, ವಾಪಸ್ಸು ಬಂದು ಕೂತಳು. ಮೊಣಕಾಲು ಮತ್ತೆ ಎದೆಗೆ ಬಂತು.

ಪಕ್ಕದಲ್ಲಿ ಒಬ್ಬ ಚಿಕ್ಕ ವಯಸ್ಸಿನ ತಾಯಿ, ತೊಡೆಯ ಮೇಲೆ ನಾಲ್ಕೈದು ವರ್ಷದ ಮಗಳು. ಕಾಯಿಲೆ ಹೊಸದು ಎಂದು ಆ ತಾಯಿಯ ಕೂದಲು ನೋಡಿದರೇ ತಿಳಿಯುತ್ತಿತ್ತು. ಬಾಚಿ ಎರಡು ದಿನವಾಗಿರಬೇಕು. ಮಗುವನ್ನು ಸುಮ್ಮನಿರಿಸಲು ಫೋನಿನಲ್ಲಿ ಅಳಿಲನ್ನು ಹಚ್ಚಿದ್ದಳು, ಓಣಿಗೆಲ್ಲ ಕೇಳುವಷ್ಟು ಜೋರಾಗಿ. "ಈಗ ಒಬ್ಬ ಅಕ್ಕ ತನ್ನ ಕಥೆ ಹೇಳ್ತಾಳೆ, ಕೇಳೋಣ್ವಾ?" ಎಂದಿತು ಅಳಿಲು. ಅದರ ಬಾಯಿ ಆಡಿತು, ಆದರೆ ಧ್ವನಿ ಬೇರೆಯಾಗಿತ್ತು.

"ನಂಗೆ ಏಳು ವರ್ಷ ಇದ್ದಾಗ ಈ ಕಾಯಿಲೆ ಬಂತು. ಸೂಜಿ ಕಂಡ್ರೆ ಭಯ. ಅಂದ್ರೆ, ಮಂಚದ ಕೆಳಗೆ ಹೋಗಿ ಅವಿತ್ಕೊಂಡುಬಿಡ್ತಿದ್ದೆ."

ಮಾತಿನ ನಡುವೆ ಉಸಿರು ಹಿಡಿದು "ಅಂದ್ರೆ" ಎನ್ನುವ ಆ ರೀತಿ. ತನ್ನ ಮಗಳದೇ. ಇಲ್ಲ, ಎಷ್ಟೋ ಮಕ್ಕಳು ಹಾಗೆ ಮಾತಾಡುತ್ತಾರೆ. ಎಷ್ಟೋ ಮಕ್ಕಳು ಮಂಚದ ಕೆಳಗೆ ಅವಿತುಕೊಳ್ಳುತ್ತಾರೆ.

"ಆಗ ನಮ್ಮಮ್ಮ ಒಂದು ಜಾಡಿ ಇಟ್ರು. ಒಂದು ಸಲ ಚುಚ್ಚಿಸ್ಕೊಂಡ್ರೆ ಒಂದು ಗುಂಡಿ. ಜಾಡಿ ತುಂಬಿದ್ರೆ ಕಾಯಿಲೆ ಹೋಗುತ್ತೆ ಅಂದ್ರು. ನಾನು ಹಾಕ್ತಾನೇ ಇದ್ದೆ, ಅದು ತುಂಬ್ತಾನೇ ಇರ್ಲಿಲ್ಲ. ಎಂಟು ವರ್ಷ ಇದ್ದಾಗ ಒಂದಿನ ಅಮ್ಮ ಮನೇಲಿರ್ಲಿಲ್ಲ, ಅಪ್ಪ ಚುಚ್ಚಿ ಆಚೆ ಹೋದ್ಮೇಲೆ ನಾನೇ ಇನ್ನೊಂದು ಸಲ ಚುಚ್ಕೊಂಡೆ, ಬೇಗ ತುಂಬ್ಲಿ ಅಂತ. ಆಮೇಲೆ ಏನಾಯ್ತು ಅಂತ ನಂಗೆ ನೆನಪಿಲ್ಲ. ಎಚ್ಚರ ಆದಾಗ ಆಸ್ಪತ್ರೇಲಿದ್ದೆ. ನೀವು ಯಾರೂ ಹಂಗೆ ಮಾಡ್ಬೇಡಿ. ಈ ಕಾಯಿಲೆ ಗುಂಡಿ ಹಾಕಿದ್ರೆ ಹೋಗಲ್ಲ. ಇದು ಹೋಗೋದೇ ಇಲ್ಲ. ಆದ್ರೆ ನಾವು ಓಡ್ಬಹುದು, ಈಜ್ಬಹುದು, ಏನು ಬೇಕಾದ್ರೂ ಆಗ್ಬಹುದು. ಇದನ್ನ ನಂಗೆ ಅಳಿಲು ಹೇಳ್ತು. ಆಮೇಲೆ ಒಂದಿನ ಬಚ್ಚಲಮನೆ ಬಾಗಿಲ ಸಂದಿಯಿಂದ ನೋಡ್ದೆ, ಅಮ್ಮ ಗುಂಡಿ ತೆಗೀತಾ ಇದ್ರು. ಈಗ್ಲೂ ತೆಗೀತಾರೆ. ನಾನು ನೋಡೇ ಇಲ್ಲದ ಹಾಗೆ ಇರ್ತೀನಿ. ಅಂದ್ರೆ, ಗೊತ್ತಾದ್ರೆ ಅಮ್ಮ ತಡ್ಕೊಳ್ಳಲ್ಲ."

ಇದ್ರು ಅಂತೆ, ತೆಗೀತಾರೆ ಅಂತೆ. ಮನೆಯಲ್ಲಿ ಏಕವಚನದಲ್ಲಿ ಕರೆದು ಕೊರಳಿಗೆ ಜೋತುಬೀಳುವವಳು ಇಲ್ಲಿ ಮರ್ಯಾದೆ ಕೊಟ್ಟಿದ್ದಳು, ಯಾರೋ ಪಕ್ಕದ ಬೀದಿಯ ಹೆಂಗಸಿನ ಬಗ್ಗೆ ಹೇಳುವಂತೆ. ಎಲ್ಲಕ್ಕಿಂತ ಮೊದಲು ಅವಳಿಗೆ ಚುಚ್ಚಿದ್ದು ಅದೇ. ಆಮೇಲೆ ಒಂದೊಂದಾಗಿ ಉಳಿದವು ಬಂದವು. ಪಕ್ಕದ ತಾಯಿ ನಾಲಗೆ ಲೊಚಗುಟ್ಟಿ ಅವಳ ಕಡೆ ತಿರುಗಿದಳು. "ಎಂಥ ತಾಯಿ ನೋಡಿ ಅಕ್ಕಾ! ಮಗು ಜೀವದ ಜೊತೆ ಆಟ ಆಡೋದಾ?" ಆಮೇಲೆ ದನಿ ತಗ್ಗಿಸಿ, "ನಿಜ ಹೇಳ್ಬೇಕಂದ್ರೆ ನಾನೂ ಇವಳಿಗೆ ದೊಡ್ಡೋಳಾದ್ಮೇಲೆ ಹೋಗುತ್ತೆ ಅಂತ ಹೇಳೋಣ ಅಂತಿದ್ದೆ. ಸದ್ಯ, ಕೇಳಿದ್ದು ಒಳ್ಳೇದಾಯ್ತು."

"ಹೌದು. ಎಂಥ ತಾಯಿ" ಎಂದಳು ಅವಳು.

ಆ ಮಾತು ತನ್ನ ಬಾಯಿಂದಲೇ ಬಂತೆಂದು ತಿಳಿಯಲು ಕ್ಷಣ ಹಿಡಿಯಿತು. ನಾನೇ ಆ ತಾಯಿ, ನಿನ್ನ ಕೂದಲು ಕೆದರಿದ ಹಾಗೆ ನನ್ನದೂ ಕೆದರಿತ್ತು, ಮಂಚದ ಕೆಳಗಿಂದ ಮಗುವನ್ನು ಎಳೆಯಲು ನನ್ನ ಹತ್ತಿರ ಬೇರೇನೂ ಇರಲಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತಲೆಯಾಡಿಸಿದಳು ಕೂಡ. ಕೈ ಚೀಲದ ಪಕ್ಕದ ಜೇಬನ್ನು ಹೊರಗಿನಿಂದ ಬಿಗಿಯಾಗಿ ಹಿಡಿದಿತ್ತು, ಒಳಗಿನ ಗುಂಡಿಗಳು ಸದ್ದು ಮಾಡಿ ತನ್ನನ್ನು ತೋರಿಸಿಕೊಟ್ಟಾವೆಂಬಂತೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ ಎಂದು ಅವಳೇ ಎಷ್ಟು ಸಲ ಮಗಳಿಗೆ ಹೇಳಿಲ್ಲ.

ಐದು ವರ್ಷದ ಹಿಂದಿನ ಆ ಭಾನುವಾರ. ಶಾಲೆ ತೆರೆಯುವ ವಾರ, ಅಂಗಡಿಯ ತುಂಬ ಉದ್ದ ಕಡಿಮೆ ಮಾಡಬೇಕಾದ ಸಮವಸ್ತ್ರಗಳು. ರಜೆಯ ದಿನವೂ ಹೋಗಿ ಹೊಲಿಯುತ್ತ ಕೂತಿದ್ದಳು. ಗಂಡನ ಫೋನು ಬಂದಾಗ ಬಾಯಲ್ಲಿ ದಾರ ಕಚ್ಚಿಕೊಂಡಿದ್ದಳು. ಆಸ್ಪತ್ರೆ ಮುಟ್ಟುವವರೆಗೂ ಆ ದಾರ ಬಾಯಲ್ಲೇ ಇತ್ತು. ಮಗಳು ಬೆವೆತು, ಬಿಳಿಚಿ, ಕರೆದರೆ ಓಗೊಡದೆ ಮಲಗಿದ್ದಳು. ಕೈಗೆ ಡ್ರಿಪ್ ಹಾಕಿದ್ದರು. ಎಷ್ಟು ಕೊಟ್ಟಿರಿ ಎಂದು ಡಾಕ್ಟರು ಕೇಳಿದ್ದರು. ಗಂಡ ಅವಳೆದುರಿಗೇ ಹೇಳಿದ್ದ, ನೆಲ ನೋಡುತ್ತ: "ನಾನೇ ಮರೆತು ಎರಡು ಸಲ ಹಾಕ್ಬಿಟ್ಟೆ ಅನ್ಸುತ್ತೆ." ಅವತ್ತಿನಿಂದ ಆ ಮನುಷ್ಯನ ಕೈಗೆ ಅವಳು ಪೆನ್ನು ಕೊಡಲಿಲ್ಲ. ವ್ಯಾನು ಓಡಿಸಿ ಊರಿನ ಮನೆಮನೆಗೂ ಸಾಮಾನು ಮುಟ್ಟಿಸುವವನು, ಒಂದು ವಿಳಾಸ ತಪ್ಪದವನು, ಮನೆಯಲ್ಲಿ ಮಾತ್ರ ಮರೆಗುಳಿ ಎಂಬ ಹೆಸರು ಹೊತ್ತ. ಹಾಲು ತರಲು ಕಳಿಸಿದರೆ "ಎರಡು ಸಲ ತಂದುಬಿಟ್ಟೀರಿ ಮತ್ತೆ" ಎನ್ನುತ್ತಿದ್ದಳು. ಬಂದವರೆದುರಿಗೂ ಅನ್ನುತ್ತಿದ್ದಳು. ಅವನು ನಗುತ್ತಿದ್ದ. ಮಗಳು ಆಗ ತಟ್ಟೆಯಲ್ಲಿ ಏನನ್ನೋ ಹುಡುಕುತ್ತಿದ್ದಳು. ಐದು ವರ್ಷ ಆ ಮಾತನ್ನು ಹೊಟ್ಟೆಗೆ ಹಾಕಿಕೊಂಡು ನಕ್ಕ ಗಂಡಸನ್ನು ನೆನೆದು ಅವಳಿಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ತಾನು ಇಷ್ಟು ಕೆಟ್ಟವಳಾಗಲು ಅವನು ಬಿಟ್ಟನಲ್ಲ. ಒಂದು ದಿನವಾದರೂ ತಡೆಯಲಿಲ್ಲವಲ್ಲ.

ಎದ್ದು ಸಿಸ್ಟರ್ ಕೋಣೆಯ ಬಾಗಿಲು ತಳ್ಳಿದಳು. ಮಗಳು ಅಲ್ಲಿರಲಿಲ್ಲ, ಊಟದ ವಿಷಯ ಮಾತಾಡುವವರ ಕೋಣೆಗೆ ಕಳಿಸಿದ್ದರು. ಮೇಜಿನ ಮೇಲೆ ಮಕ್ಕಳು ಚುಚ್ಚಿ ಅಭ್ಯಾಸ ಮಾಡುವ ಕಿತ್ತಳೆಹಣ್ಣು, ಮೈತುಂಬ ತೂತು. ಸಿಸ್ಟರ್ ಅವಳ ಮುಖ ನೋಡಿದರು, ಏನೆಂದು ಕೇಳಲಿಲ್ಲ. ಕೇಳದಿದ್ದದ್ದರಿಂದಲೇ ಇವರು ಈ ಗಳಿಗೆಗಾಗಿ ಕಾಯುತ್ತಿದ್ದರೆಂದು ಅವಳಿಗೆ ಅರ್ಥವಾಯಿತು.

"ಹೇಳಲ್ಲ ಅಂತ ಮಾತು ಕೊಟ್ಟಿದ್ರಿ."

"ನಾನು ಹೇಳ್ಲಿಲ್ಲಮ್ಮ."

"ಅಳಿಲು ಹೇಳ್ತು, ಅಷ್ಟೇ ತಾನೆ? ಅದನ್ನ ಸಾಕಿದ್ದು ಯಾರು?"

"ಕೂತ್ಕೊಳ್ಳಿ."

"ನಾನು ಕೂರಲ್ಲ. ನನ್ನ ಮನೆ ಜಾಡಿ ಇಲ್ಲಿ ಬೆಂಚಿನ ಮೇಲೆ ಕೂತೋರಿಗೆಲ್ಲ ಪಾಠ ಆಯ್ತಲ್ಲ. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ?"

ಸಿಸ್ಟರ್ ಕಿತ್ತಳೆಯನ್ನು ಸರಿಸಿ ಇಟ್ಟರು. "ಅವತ್ತು ಡ್ರಿಪ್ ಹಾಕಿ ಮಲಗಿಸಿದ್ದಾಗ ನನ್ನ ಕೈ ಹಿಡ್ಕೊಂಡು ಹೇಳಿದ್ಲು, ನಾನೇ ಚುಚ್ಕೊಂಡೆ ಅಂತ. ಅಮ್ಮಂಗೆ ಹೇಳ್ಬೇಡಿ, ಅಮ್ಮ ಅಳ್ತಾಳೆ ಅಂತ ಮಾತು ತಗೊಂಡ್ಲು. ನಿಮ್ಮ ಮಾತೂ ನನ್ನ ಹತ್ರ ಇತ್ತು, ಅವಳ ಮಾತೂ ಇತ್ತು. ಅವಳಪ್ಪಂಗೆ ಮಾತ್ರ ಹೇಳಿ, ಜಾಡಿ ನಿಲ್ಲಿಸಿ ಅಂದೆ. ನಾನು ನೋಡ್ಕೋತೀನಿ ಅಂದ್ರು. ಈಗ ರೆಕಾರ್ಡ್ ಮಾಡೋಕೂ ಅವರೇ ಒಪ್ಪಿದ್ದು. ನಿಮಗೆ ಹೇಳ್ತೀನಿ ಅಂದಿದ್ರು." ಸ್ವಲ್ಪ ತಡೆದು, "ಹೇಳಿರಲ್ಲ ಅಂತ ನಂಗೂ ಅನ್ನಿಸಿತ್ತು. ಮಾಡ್ದೆ. ಇನ್ನೊಂದು ಮಗು ಹಾಗೆ ಬರೋದು ಬೇಡ ಅಂತ ಮಾಡ್ದೆ" ಎಂದರು.

ಕ್ಷಮಿಸಿ ಎಂದಿದ್ದರೆ ಅವಳು ಕೂಗಾಡಬಹುದಿತ್ತು. ಅವರು ಅನ್ನಲಿಲ್ಲ. ಸರಿಯಾದದ್ದನ್ನೇ ಮಾಡಿದವರ ಮುಂದೆ ಮೋಸ ಹೋದವಳಾಗಿ ನಿಲ್ಲುವುದರಷ್ಟು ಅವಮಾನ ಬೇರೆ ಇರಲಾರದೆನಿಸಿತು. ಓಣಿಗೆ ಬಂದಾಗ ಗಂಡನ ಫೋನು, ಆಸ್ಪತ್ರೆಯ ದಿನ ಅವನು ತಪ್ಪದೆ ಮಾಡುವಂಥದು.

"ಏನಂದ್ರು? ಶುಗರ್ ಹೆಂಗಿದೆಯಂತೆ?"

"ಅವತ್ತು ಎರಡನೇ ಸಲ ಚುಚ್ಚಿದ್ದು ಯಾರು?"

ಅವನು ವ್ಯಾನನ್ನು ಪಕ್ಕಕ್ಕೆ ನಿಲ್ಲಿಸಿರಬೇಕು, ಇಂಜಿನ್ನು ಆರಿತು. "ಯಾರು ಹೇಳಿದ್ರು?"

"ಅಳಿಲು."

"ನೋಡು, ನಿಂಗೆ ಹೇಳಿದ್ರೆ ನೀನು..."

"ನಾನೇನು? ಸತ್ತುಹೋಗ್ತಿದ್ನಾ?"

"ಗೊತ್ತಿಲ್ಲ. ಮಗು ಹೇಳ್ಬೇಡ ಅಂತು. ನಿನ್ನ ಮುಖ ನೋಡಿ ನಂಗೂ ಧೈರ್ಯ ಬರ್ಲಿಲ್ಲ. ಜಾಡಿ ಒಂದಿದ್ರೆ ನೀನು ಗೆಲುವಾಗಿರ್ತಿದ್ದೆ." ಅವನು ಗಂಟಲು ಸರಿಮಾಡಿಕೊಂಡ. "ನನ್ನ ಬೈದ್ಕೊಂಡಿದ್ರೆ ಏನಂತೆ, ಬಿಡು ಅಂದ್ಕೊಂಡೆ."

ಅವಳು ಫೋನು ಇಟ್ಟಳು. ಜಾಡಿ ಇದ್ದದ್ದು ತನಗಂತೆ. ಮಗಳಿಗೆ ಸುಳ್ಳು ಹೇಳುತ್ತಿದ್ದೇನೆಂದು ತಾನು ರಾತ್ರಿಗಳಲ್ಲಿ ಹೊರಳಾಡಿದ್ದಕ್ಕೆ ಅರ್ಥವೇ ಇರಲಿಲ್ಲ. ಆ ಮನೆಯಲ್ಲಿ ಸುಳ್ಳನ್ನು ನಂಬಿಕೊಂಡು ಸುಖವಾಗಿದ್ದವಳು ಒಬ್ಬಳೇ. ಗಂಡ, ಮಗಳು, ಸಿಸ್ಟರ್ ಮೂವರೂ ಸೇರಿ ಅವಳನ್ನು ಒಂದು ಮಗುವಿನ ಹಾಗೆ ಸಂಭಾಳಿಸಿಕೊಂಡು ಬಂದಿದ್ದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಮಗಳು ಖುಷಿಯಾಗಿದ್ದಳು. ಮೂರು ತಿಂಗಳ ಸಕ್ಕರೆಯ ಸರಾಸರಿ ಇಳಿದಿತ್ತು, ಡಾಕ್ಟರು ಬೆನ್ನು ತಟ್ಟಿದರಂತೆ. "ಮುಂದಿನ ಸಲದಿಂದ ಹೊಸ ಮಕ್ಕಳಿಗೆ ಪೆನ್ನು ಹಿಡಿಯೋದು ನಾನೇ ಹೇಳ್ಕೊಡ್ಬೇಕಂತೆ ಅಮ್ಮ." ಅವಳು ಹೂಂ ಎಂದಳು. ಊರಿಗೆಲ್ಲ ಡಂಗುರ ಹೊಡೆದೆಯಲ್ಲ, ನಿನ್ನಮ್ಮನ ಮಾನ ಅಷ್ಟು ಅಗ್ಗವಾಯಿತೇನೇ ಎಂಬ ಮಾತು ನಾಲಗೆಯ ತುದಿಯಲ್ಲಿ ಕೂತಿತ್ತು. ಮನೆಗೆ ಹೋಗಲಿ, ಬಾಗಿಲು ಹಾಕಿಕೊಂಡು ಕೇಳುತ್ತೇನೆ. ತಿರುವಿನಲ್ಲಿ ಬಸ್ಸು ವಾಲಿದಾಗ ತೊಡೆಯ ಮೇಲಿನ ಚೀಲ ಜಾರಿ ಒಳಗಿನ ಗುಂಡಿಗಳು ಕಳಕಳ ಸದ್ದು ಮಾಡಿದವು. ಮಗಳ ಕುತ್ತಿಗೆ ಒಂದಿಷ್ಟು ಇತ್ತ ತಿರುಗಿ, ಹಾಗೇ ನಿಂತು, ಕಿಟಕಿಯ ಕಡೆ ಹೊರಳಿತು. "ಅಯ್ಯೋ, ಎಷ್ಟೊಂದು ಪಾರಿವಾಳ ನೋಡಮ್ಮ." ಹೊರಗೆ ಪಾರಿವಾಳವೇನೂ ಇರಲಿಲ್ಲ, ಒಂದು ಪೆಟ್ರೋಲ್ ಬಂಕ್ ಹಿಂದೆ ಸರಿಯುತ್ತಿತ್ತು. ಇಷ್ಟು ವರ್ಷ ಈ ಹೊರಳುವಿಕೆಯನ್ನು ಅವಳು ನೋಡಿದ್ದಳು, ಹುಡುಗಿಗೆ ಗಮನ ಒಂದು ಕಡೆ ನಿಲ್ಲುವುದಿಲ್ಲ ಎಂದುಕೊಂಡಿದ್ದಳು. ಆಗ ಬಚ್ಚಲಿನ ನೀರು ನೆನಪಾಯಿತು. ತುಂಬಿದ ಬಕೆಟ್ಟು, ಹರಿದುಹೋಗುವ ನೀರು, ನಿಲ್ಲಿಸು ಎಂದು ಕೂಗುವವರೆಗೂ ನಿಲ್ಲದ ನಲ್ಲಿ. ಅಮ್ಮನ ಕೈ ಜಾಡಿಯಿಂದ ಹೊರಗೆ ಬರಲಿ ಎಂದು ಮಗಳು ಒಳಗೆ ನಿಂತು ನೀರು ಬಿಡುತ್ತಿದ್ದಳು. ಅವಳು ಕೂಗಿದರೆ ಕೆಲಸ ಮುಗಿಯಿತೆಂದು ಗೊತ್ತು. ದಿನವೂ ನೀರು ಪೋಲು ಮಾಡುತ್ತೀಯೆಂದು ಬೈಸಿಕೊಂಡು, ತಲೆ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದಳು.

ರಾತ್ರಿಯ ಊಟಕ್ಕೆ ತಟ್ಟೆ ಹಾಕಿದಳು. ಗಂಡ ಇನ್ನೂ ಬಂದಿರಲಿಲ್ಲ. ಬರಲು ಅಂಜಿ ಎಲ್ಲೋ ವ್ಯಾನಿನಲ್ಲೇ ಕೂತಿರಬಹುದು, ಕೂತಿರಲಿ. ಮಗಳು ಅಂಗಿ ಎತ್ತಿ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು, ಪೆನ್ನು ಒತ್ತಿ, ತುಟಿಯಲ್ಲೇ ಎಣಿಸಿ ಹೊರಗೆಳೆದಳು. ಒಳ್ಳೆಯ ದರ್ಜಿಯ ಕೈ ಅದು, ನಡುಗುವುದಿಲ್ಲ. ಫೋನಿನಲ್ಲಿ ಏನೋ ಒತ್ತಿ ಮೇಜಿನ ಮೇಲಿಟ್ಟಳು. ಆಮೇಲೆ ಬಟ್ಟಲಿನಲ್ಲಿ ಬೆರಳಾಡಿಸಿ ಒಂದು ಹಳದಿ ಗುಂಡಿ ಆರಿಸಿ, ಜಾಡಿಯ ಮುಚ್ಚಳ ತೆಗೆದು ಹಾಕಿದಳು. ಟಣ್. ಹಾಕಿ, ಅವಳ ಕಡೆ ನೋಡಿದಳು. ಆ ನೋಟವೂ ಹೊಸದಲ್ಲ, ದಿನವೂ ಇದ್ದದ್ದೇ. ಮೆಚ್ಚುಗೆಗಾಗಿ ನೋಡುತ್ತಾಳೆಂದು ಇದುವರೆಗೆ ತಿಳಿದಿದ್ದಳು. ಅಳುವ ಮಗುವಿನ ಕೈಗೆ ಆಟಿಕೆ ಕೊಟ್ಟು, ಸಮಾಧಾನವಾಯಿತೇ ಎಂದು ದೊಡ್ಡವರು ನೋಡುವ ನೋಟ ಅದು. ಅವಳು ತನ್ನ ಪಾಲಿನ ಮಾತನ್ನು ಹೇಳಲಿಲ್ಲ. ಮಗಳೇ ಹೇಳಿದಳು, ಅದೇ ರಾಗದಲ್ಲಿ:

"ಇನ್ನೇನಮ್ಮ, ಸ್ವಲ್ಪಾನೇ ಬಾಕಿ."

ಅವಳು ಕೈಚೀಲ ಎಳೆದುಕೊಂಡು ಪಕ್ಕದ ಜೇಬಿನ ಜಿಪ್ ಬಿಚ್ಚಿ, ಬೆಳಗಿನ ಹಿಡಿಯನ್ನು ತೆಗೆದು, ಮಗಳ ಕಣ್ಣೆದುರೇ ಜಾಡಿಗೆ ಸುರಿದಳು. ಸದ್ದು ಮಾಡಿಯೇ ಸುರಿದಳು. ಒಂದು ಗುಂಡಿ ಅಂಚಿಗೆ ಬಡಿದು ನೆಲಕ್ಕುರುಳಿತು. ಮಗಳು ಈ ಸಲ ಬೇರೆ ಕಡೆ ಹೊರಳಲಿಲ್ಲ. ಹೊರಳಲು ಮರೆತಿದ್ದಳು.

"ಇವತ್ತು ಆಸ್ಪತ್ರೆ ಬೆಂಚಲ್ಲಿ ಕೇಳ್ದೆ" ಎಂದಳು ಅವಳು. "ಅಳಿಲಿನ ಬಾಯಲ್ಲಿ ನಿನ್ನ ಕಥೆ."

ಮಗಳ ಮುಖದ ಬಣ್ಣ ಇಳಿಯಿತು. "ಅಮ್ಮ, ಅದು, ಅಂದ್ರೆ, ಅಪ್ಪ ನಿಂಗೆ..."

"ನಾನು ಹೇಳ್ಬೇಕಿತ್ತು. ನಾನೇ ಹೇಳ್ತೀನಿ ಅಂದಿದ್ದೆ, ಹೇಳ್ಲಿಲ್ಲ. ಈಗ ಹೇಳ್ತೀನಿ, ಕೇಳು. ಇದು ತುಂಬಿದ್ರೂ ಏನೂ ಆಗಲ್ಲ ಮರಿ. ನಾಳೆನೂ ಚುಚ್ಕೋಬೇಕು, ನಾಡಿದ್ದೂ ಚುಚ್ಕೋಬೇಕು. ನೀನು ನನ್ನಷ್ಟು ದೊಡ್ಡ ಹೆಂಗಸಾದ್ರೂ. ನಾನು ಇಲ್ದೆ ಹೋದ್ಮೇಲೂ. ಇದು ಹೋಗಲ್ಲ."

ಹೇಳುವಾಗ ತನ್ನ ದನಿಯಲ್ಲಿ ಸೇಡು ಇದ್ದದ್ದು ಅವಳಿಗೇ ಕೇಳಿಸಿತು. ಮಗಳಿಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಇವಳೇ ಊರಿಗೆಲ್ಲ ಹೇಳಿದ್ದಾಳೆ, ಇದರಿಂದ ಯಾರಿಗೆ ಏನು ನೋಯುತ್ತದೆ ಎಂದುಕೊಂಡಿದ್ದಳು. ಆದರೆ ಮಗಳು ಒಂದೆರಡು ಕ್ಷಣ ಅವಳ ಬಾಯನ್ನೇ ನೋಡಿದಳು, ಆ ಮಾತು ಅಲ್ಲಿಂದ ಬಂದದ್ದು ನಿಜವೇ ಎಂಬಂತೆ. ಆಮೇಲೆ ಅವಳ ಗಲ್ಲ ನಡುಗಿತು, ತುಟಿ ಸೊಟ್ಟಗಾಯಿತು, ಮಂಚದ ಕೆಳಗಿದ್ದವಳ ಮುಖವೇ ಬಂದು ಕೂತಿತು.

"ಯಾಕಮ್ಮ ಹೇಳ್ದೆ?" ಎಂದು ಮಗಳು ದೊಡ್ಡದಾಗಿ ಅಳತೊಡಗಿದಳು. "ನೀನೊಬ್ಬಳು ತೆಗೀತಾ ಇದ್ದೆ... ನೀನು ತೆಗೀತಾ ಇದ್ರೆ, ಅಂದ್ರೆ, ಎಲ್ಲೋ ಒಂದು ಕಡೆ ಇನ್ನೂ, ತುಂಬಿದ್ರೆ ಹೋಗುತ್ತೇನೋ ಅಂತ..."

ಅವಳು ನೆಲದಲ್ಲಿ ಉರುಳಿದ್ದ ಗುಂಡಿಯನ್ನು ಹೆಕ್ಕಿಕೊಂಡಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದು ಮಗಳ ಪಕ್ಕ ಕೂತಳು. ಯಾರನ್ನೂ ಕ್ಷಮಿಸಿರಲಿಲ್ಲ, ಈ ಹುಡುಗಿಯನ್ನೂ ಕ್ಷಮಿಸಿರಲಿಲ್ಲ. ಮೇಜಿನ ಮೇಲೆ ಫೋನಿನ ಗಾಜು ಬೆಳಗಿತು. ಅಳಿಲು ಬಾಲ ಕುಣಿಸಿಕೊಂಡು ಬಂದು ಬಾಯಿ ತೆರೆಯುವುದರಲ್ಲಿತ್ತು. ಅವಳು ಫೋನನ್ನು ಮಗುಚಿಟ್ಟು ತಟ್ಟೆಯನ್ನು ಮಗಳ ಹತ್ತಿರಕ್ಕೆ ತಳ್ಳಿದಳು.

"ಅಳ್ತಾ ಆದ್ರೂ ಸರಿ, ತಿನ್ನು" ಎಂದಳು. "ಚುಚ್ಕೊಂಡಾಗಿದೆ."